ಡಂಗುರ ಸಾರಿದ ಗುರುಗಳು

“ಈ ದೇಶಕ್ಕೆ ಒಬ್ಬ ಹಿಟ್ಲರ್ ಬರಬೇಕು ಮಾರಾಯರೇ, ಆಗಲೇ ಎಲ್ಲವೂ ಸರಿಹೋದೀತು.”

ಈ ಮಾತನ್ನು ನಾವು ಕೇಳಿದ್ದು ಸಂತೆಯಲ್ಲಲ್ಲ, ಬಸ್ಸಿನಲ್ಲಲ್ಲ. ಗಡಿನಾಡಿನ ಒಂದು ಕನ್ನಡ ಶಾಲೆಯ ಉಪಾಧ್ಯಾಯರ ಕೊಠಡಿಯಲ್ಲಿ. ಆಡಿದವರು ದುಷ್ಟರಲ್ಲ. ಹೊತ್ತಿಗೆ ಸರಿಯಾಗಿ ತರಗತಿಗೆ ಹೋಗುವವರು, ಬಡಮಕ್ಕಳ ಶುಲ್ಕವನ್ನು ಸದ್ದಿಲ್ಲದೆ ತಮ್ಮ ಕೈಯಿಂದ ಕಟ್ಟುವವರು. ಅಂದು ಅವರನ್ನು ಕೆರಳಿಸಿದ್ದ ಸಂಗತಿಯೂ ಸಣ್ಣದಲ್ಲ. ಶಾಲೆ ಪ್ರಾರಂಭವಾಗಿ ತಿಂಗಳುಗಳು ಕಳೆದಿದ್ದರೂ ಕನ್ನಡ ಪಠ್ಯಪುಸ್ತಕಗಳು ಬಂದಿರಲಿಲ್ಲ. ಕೊಠಡಿಯಲ್ಲಿದ್ದವರೆಲ್ಲರೂ ತಲೆಯಾಡಿಸಿದರು. ಬಾಗಿಲ ಬಳಿ ಬರವಣಿಗೆ ಪುಸ್ತಕಗಳ ಹೊರೆ ಹೊತ್ತು ನಿಂತಿದ್ದ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರು ಆ ಮಾತನ್ನೂ ಕೇಳಿದರು, ತಲೆಯಾಡಿದ್ದನ್ನೂ ನೋಡಿದರು. ನಾವು ತಲೆಯಾಡಿಸಲಿಲ್ಲ, ಆದರೆ ಬಾಯಿ ಬಿಡಲೂ ಇಲ್ಲ. ಆ ದಿನದ ಮೌನಕ್ಕೆ ಪ್ರಾಯಶ್ಚಿತ್ತವೆಂದು ವಾಚಕರು ಈ ಲೇಖನವನ್ನು ಭಾವಿಸಬಹುದು.

ಅದಾಗಿ ಕೆಲವು ವರ್ಷಗಳ ಮೇಲೆ, 2018ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣವನ್ನು ನೋಡುವ ಸಂದರ್ಭ ನಮಗೊದಗಿತು. ಆ ಪಟ್ಟಣದ ಅಂಚಿನಲ್ಲಿ, ಕೆರೆಯೊಂದರ ದಡದಲ್ಲಿ, ಕುದುರೆಯ ಲಾಳದ ಆಕಾರದ ದೈತ್ಯ ಕಟ್ಟಡವೊಂದಿದೆ. ಐವತ್ತು ಸಾವಿರ ಜನ ಒಟ್ಟಿಗೆ ಕುಳಿತು ಒಬ್ಬನೇ ಒಬ್ಬನ ಭಾಷಣವನ್ನು ಕೇಳಲೆಂದು 1935ರಲ್ಲಿ ಹಿಟ್ಲರನ ಪಕ್ಷ ಅದಕ್ಕೆ ಅಸ್ತಿಭಾರ ಹಾಕಿತು. ಗೋಡೆಗಳು ಸುಮಾರು 39 ಮೀಟರ್ ಎತ್ತರಕ್ಕೆ ಎದ್ದವು. ಯುದ್ಧ ಬಂದುದರಿಂದ ಮಾಡು ಏರಲೇ ಇಲ್ಲ. ಸುತ್ತಣ ಹನ್ನೊಂದು ಚದರ ಕಿಲೋಮೀಟರು ನೆಲವೆಲ್ಲ ಆ ಪಕ್ಷದ ಮಹಾಸಭೆಗಳಿಗೆಂದೇ ಮೀಸಲಾಗಿತ್ತು. 1933ರಿಂದ 1938ರ ವರೆಗೆ ವರ್ಷಕ್ಕೊಮ್ಮೆ ಲಕ್ಷಾಂತರ ಜನ ಅಲ್ಲಿ ನೆರೆದರು. ಶತ್ರುವಿಮಾನಗಳನ್ನು ಹುಡುಕುವುದಕ್ಕೆಂದು ಮಾಡಿದ ನೂರಕ್ಕೂ ಮೀರಿದ ಶೋಧದೀಪಗಳನ್ನು ರಾತ್ರಿಯ ವೇಳೆ ಆಕಾಶಕ್ಕೆ ನೆಟ್ಟಗೆ ಹಾಯಿಸಿ, ನೆರೆದವರ ಸುತ್ತಲೂ ಬೆಳಕಿನ ಕಂಬಗಳ ದೇಗುಲವನ್ನೇ ಕಟ್ಟಿ ನಿಲ್ಲಿಸುತ್ತಿದ್ದರು. 1939ರ ಸಭೆಗೆ ‘ಶಾಂತಿಯ ಮಹಾಸಭೆ’ ಎಂದು ನಾಮಕರಣವಾಗಿತ್ತು. ಅದು ನಡೆಯಲಿಲ್ಲ. ಆ ವರ್ಷದ ಸೆಪ್ಟೆಂಬರ್ 1ರಂದು ಅದೇ ಶಾಂತಿದೂತನ ಸೈನ್ಯ ಪೋಲೆಂಡಿನ ಮೇಲೆ ನುಗ್ಗಿತು.

ಆ ಅರ್ಧಂಬರ್ಧ ಕಟ್ಟಡದ ಒಂದು ಪಾರ್ಶ್ವದಲ್ಲಿ 2001ರಲ್ಲಿ ವಸ್ತುಸಂಗ್ರಹಾಲಯವೊಂದು ತೆರೆಯಿತು. ಅದನ್ನು ಕಲ್ಪಿಸಿದ ಶಿಲ್ಪಿ ಗ್ಯುಂಟರ್ ಡೊಮೆನಿಗ್ ಹಳೆಯ ಗೋಡೆಗಳಿಗೆ ಗಿಲಾವು ಮಾಡಲಿಲ್ಲ, ಬಣ್ಣ ಬಳಿಯಲಿಲ್ಲ. ಇಟ್ಟಿಗೆಗಳನ್ನು ಇದ್ದಂತೆಯೇ ಬಿಟ್ಟು, ಗಾಜು ಉಕ್ಕುಗಳ ಸುಮಾರು 130 ಮೀಟರ್ ಉದ್ದದ ಒಂದು ದಾರಿಯನ್ನು ಆ ಕಲ್ಲುಗೋಡೆಗಳ ಮೂಲಕ ಓರೆಯಾಗಿ ಈಟಿಯಂತೆ ತೂರಿಸಿದ್ದಾರೆ. ಆ ದಾರಿಯ ತುದಿಯಲ್ಲಿ ನಿಂತರೆ ಕೆಳಗೆ ಬರಿದಾದ ಅಂಗಳ. ಅಲ್ಲಿ ನಾವು ಬಹಳ ಹೊತ್ತು ನಿಂತೆವು. ನಮ್ಮ ಉಪಾಧ್ಯಾಯ ಮಿತ್ರರು ಬಯಸಿದ ‘ಎಲ್ಲವೂ ಸರಿಹೋಗುವ’ ರಾಜ್ಯದ ರಾಜಸಭೆ ಇದು: ಮಾಡಿಲ್ಲ, ಪೀಠವಿಲ್ಲ, ಮಳೆನೀರು ಮಾತ್ರ ಇದೆ.

ಸಂಗ್ರಹಾಲಯವೆಂದರೆ ಅಲ್ಲಿ ರಾಕ್ಷಸನೊಬ್ಬನ ಪ್ರತಿಮೆಯಿರುತ್ತದೆ, ನೋಡಿ ನಡುಗಿ ಹೊರಗೆ ಬರಬಹುದು ಎಂದು ಎಣಿಸಿ ಹೋದವರು ಅಲ್ಲಿ ನಿರಾಶರಾಗುತ್ತಾರೆ. ಅಲ್ಲಿ ತೋರಿಸತಕ್ಕದ್ದು ರಾಕ್ಷಸನನ್ನಲ್ಲ, ಒಪ್ಪಿಗೆಯನ್ನು. ಚಿತ್ರಗಳಲ್ಲಿ ಕಾಣುವವರು ನಗುವ ತಾಯಂದಿರು, ಅಂಚೆಯವರು, ಗುಮಾಸ್ತರು, ಕೈಚಾಚಿ ನಿಂತ ಮಕ್ಕಳು. ಈ ಒಪ್ಪಿಗೆ ಒಮ್ಮೆಗೇ ಬಂದದ್ದೂ ಅಲ್ಲ. 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ದೊರೆತದ್ದು ನೂರಕ್ಕೆ 2.6 ಮತ. ಆಮೇಲೆ ಲೋಕವ್ಯಾಪಿಯಾದ ಆರ್ಥಿಕ ಮುಗ್ಗಟ್ಟು ಬಂತು. 1932ರ ಆದಿಯಲ್ಲಿ ಆ ದೇಶದಲ್ಲಿ ಅರುವತ್ತು ಲಕ್ಷ ಜನ ನಿರುದ್ಯೋಗಿಗಳಾಗಿದ್ದರು. 1930ರಲ್ಲಿ 18.3 ಆಗಿದ್ದ ಮತಪ್ರಮಾಣ 1932ರ ಜುಲೈಯಲ್ಲಿ 37.3ಕ್ಕೇರಿತು, ಅದೇ ವರ್ಷದ ನವೆಂಬರಿನಲ್ಲಿ 33.1ಕ್ಕಿಳಿಯಿತು. ಎಂದರೆ, ಸ್ವತಂತ್ರ ಚುನಾವಣೆಯಲ್ಲಿ ಜರ್ಮನಿಯ ಬಹುಮತ ಅವನಿಗೆ ಎಂದೂ ದೊರೆತದ್ದಿಲ್ಲ. 1933ರ ಜನವರಿ 30ರಂದು ಅವನನ್ನು ಪ್ರಧಾನಿಯ ಪೀಠಕ್ಕೆ ಕರೆದು ಕೂರಿಸಿದವರು, ‘ಇವನನ್ನು ನಾವು ಹಿಡಿತದಲ್ಲಿಟ್ಟುಕೊಳ್ಳುತ್ತೇವೆ’ ಎಂದು ನಂಬಿದ್ದ ದೊಡ್ಡ ಮನುಷ್ಯರು. ಫೆಬ್ರವರಿ 27ರಂದು ಸಂಸತ್ಭವನಕ್ಕೆ ಬೆಂಕಿ ಬಿತ್ತು. ಮಾರನೆಯ ದಿನವೇ ನಾಗರಿಕರ ಹಕ್ಕುಗಳು ರದ್ದಾದವು. ಮಾರ್ಚ್ 23ರಂದು ಸಂಸತ್ತು ತನ್ನ ಅಧಿಕಾರವನ್ನು ತಾನೇ ಅವನ ಕೈಗಿತ್ತಿತು. ಬೇಡವೆಂದವರು 94 ಮಂದಿ ಸಮಾಜವಾದಿ ಪ್ರಜಾಪ್ರಭುತ್ವವಾದಿಗಳು ಮಾತ್ರ. ಜುಲೈ 14ರ ಹೊತ್ತಿಗೆ ದೇಶದಲ್ಲಿ ಒಂದೇ ಪಕ್ಷ. ಆರು ತಿಂಗಳೂ ತುಂಬಿರಲಿಲ್ಲ. ‘ಒಬ್ಬ ಬರಬೇಕು’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಬರಮಾಡಿಕೊಳ್ಳುವುದಕ್ಕೆ ಆರು ತಿಂಗಳು ಸಾಕಾಯಿತು. ಕಳುಹಿಸುವುದಕ್ಕೆ ಹನ್ನೆರಡು ವರ್ಷವೂ, ಒಂದು ಮಹಾಯುದ್ಧವೂ ಬೇಕಾಯಿತು.

“ಆದರೂ ಶಿಸ್ತು ಇತ್ತಲ್ಲ?” ಎಂದು ಕೇಳುವವರುಂಟು. ಯಾವ ಶಿಸ್ತು? 1934ರ ಜೂನ್ 30ರಂದು ತನ್ನ ಪಕ್ಷದ ಮುಖಂಡರನ್ನೇ, ಹಳೆಯ ಗೆಳೆಯನನ್ನೂ ಸೇರಿಸಿ, ವಿಚಾರಣೆಯಿಲ್ಲದೆ ಕೊಲ್ಲಿಸಿ ಅನಂತರ ಅದನ್ನು ಕಾನೂನುಬದ್ಧವೆಂದು ಸಾರಿದವನ ಆಳ್ವಿಕೆಯಲ್ಲಿದ್ದುದು ಭಯ. ಭಯವನ್ನೂ ಶಿಸ್ತನ್ನೂ ಬೇರ್ಪಡಿಸಿ ನೋಡಲಾರದವನು ತರಗತಿಯಲ್ಲಿ ಬೆತ್ತ ಹಿಡಿಯಲೂ ತಕ್ಕವನಲ್ಲ. “ದೊಡ್ಡ ದೊಡ್ಡ ರಸ್ತೆಗಳನ್ನು ಕಟ್ಟಿಸಿದ” ಎನ್ನುತ್ತಾರೆ. ಕೊಲೋನಿನಿಂದ ಬಾನ್ ಪಟ್ಟಣಕ್ಕೆ ಹೋಗುವ ಮೋಟಾರು ಹೆದ್ದಾರಿ ತೆರೆದದ್ದು 1932ರಲ್ಲಿ, ಅವನು ಪೀಠವೇರುವ ಮುನ್ನ. ತೆರೆದವರು ಕೊಲೋನಿನ ಮೇಯರ್ ಕೊನ್ರಾಡ್ ಆಡೆನವರ್. ಯೋಜನೆ ಹಿಂದಿನವರದು, ಭಾವಚಿತ್ರ ಇವನದು. “ದೇಶಭಕ್ತ” ಎನ್ನುತ್ತಾರೆ. ಸೋಲು ಖಚಿತವಾದ ಮೇಲೆ, 1945ರ ಮಾರ್ಚ್ 19ರಂದು, ಜರ್ಮನಿಯ ಸೇತುವೆ, ಕಾರ್ಖಾನೆ, ರೈಲುದಾರಿಗಳನ್ನೆಲ್ಲ ನಾಶಮಾಡಿರೆಂದು ಆಜ್ಞೆಯಿತ್ತವನೂ ಈ ದೇಶಭಕ್ತನೇ. ಅವನಾಡಿದ ಯುದ್ಧದಲ್ಲಿ ಕೋಟ್ಯಂತರ ಜನ ಸತ್ತರು. ಯುದ್ಧದ ನೆಪವೂ ಇಲ್ಲದೆ, ಹುಟ್ಟಿದ ಕುಲವೊಂದನ್ನೇ ಅಪರಾಧವೆಂದೆಣಿಸಿ, ಸುಮಾರು ಅರುವತ್ತು ಲಕ್ಷ ಯೆಹೂದ್ಯರನ್ನು ಕೊಲ್ಲಲಾಯಿತು. ಆ ಕೊಲೆಗೆ ದಾರಿ ಮಾಡಿದ ಶಾಸನಗಳು, ಯೆಹೂದ್ಯರ ಪೌರತ್ವವನ್ನು ಕಿತ್ತುಕೊಂಡ ಶಾಸನಗಳು, 1935ರ ಸೆಪ್ಟೆಂಬರ್ 15ರಂದು ಘೋಷಿತವಾದದ್ದು ಇದೇ ನ್ಯೂರೆಂಬರ್ಗಿನಲ್ಲಿ, ಇದೇ ಮಹಾಸಭೆಯ ಗದ್ದಲದ ನಡುವೆ.

ಇಷ್ಟು ಸಂಗತಿ ಯಾವ ಚರಿತ್ರೆಯ ಪುಸ್ತಕದಲ್ಲಿಯೂ ದೊರೆತೀತು. ನಮ್ಮನ್ನು ಅಲುಗಾಡಿಸಿದ್ದು ಬೇರೆ. ನ್ಯೂರೆಂಬರ್ಗಿನಲ್ಲಿ ಯೆಹೂದ್ಯದ್ವೇಷದ ಡಂಗುರವನ್ನು ಎಲ್ಲರಿಗಿಂತ ಗಟ್ಟಿಯಾಗಿ ಸಾರಿದವನು ಜೂಲಿಯಸ್ ಸ್ಟ್ರೈಖರ್. 1923ರಿಂದ ಅವನು ‘ಡೆರ್ ಸ್ಟ್ಯುರ್ಮರ್’ ಎಂಬ ವಿಷಪತ್ರಿಕೆಯನ್ನು ನಡೆಸಿದನು. ಕೊಳಕು ಚಿತ್ರ, ಕಟ್ಟುಕಥೆಗಳಿಂದ ತುಂಬಿದ ಆ ಪತ್ರಿಕೆಯನ್ನು ಓದುಬಾರದವರೂ ನೋಡಲೆಂದು ಬೀದಿ ಬೀದಿಯಲ್ಲಿ ಪೆಟ್ಟಿಗೆಯೊಳಗಿಟ್ಟು ತೂಗುಹಾಕುತ್ತಿದ್ದರು. 1938ರಲ್ಲಿ ಅವನ ಪ್ರಕಾಶನದಿಂದಲೇ, ನೆರೆಯವರನ್ನು ವಿಷದ ಅಣಬೆಗಳೆಂದು ಕಲಿಸುವ, ಬಣ್ಣದ ಚಿತ್ರಗಳ ಮಕ್ಕಳ ಪುಸ್ತಕ ಹೊರಬಂತು. ಈ ಸ್ಟ್ರೈಖರ್ ಮೊದಲು ಏನಾಗಿದ್ದ ಬಲ್ಲಿರಾ? ಅದೇ ಪಟ್ಟಣದ ಪ್ರಾಥಮಿಕ ಶಾಲೆಯ ಉಪಾಧ್ಯಾಯ. ಯುದ್ಧಾನಂತರ ನ್ಯೂರೆಂಬರ್ಗಿನ ನ್ಯಾಯಾಲಯದಲ್ಲಿ ಅವನ ವಿಚಾರಣೆ ನಡೆಯಿತು. ಸೈನ್ಯ ನಡೆಸಿದವನಲ್ಲ, ಕೊಲೆಗೆ ಸಹಿ ಹಾಕಿದವನಲ್ಲ. ಕಾಲು ಶತಮಾನ ದ್ವೇಷವನ್ನು ಬೋಧಿಸಿದ್ದೇ ಮಾನವಕುಲದ ಮೇಲಿನ ಅಪರಾಧವೆಂದು ತೀರ್ಮಾನವಾಗಿ, 1946ರ ಅಕ್ಟೋಬರ್ 16ರಂದು ಅವನನ್ನು ಗಲ್ಲಿಗೇರಿಸಿದರು.

ಅವನೊಬ್ಬನೇ ಆಗಿದ್ದರೆ ನಾವು ಇಷ್ಟು ಬರೆಯಬೇಕಾಗಿರಲಿಲ್ಲ. ಆ ಪಕ್ಷದ ಉಪಾಧ್ಯಾಯರ ಸಂಘವನ್ನು 1929ರಲ್ಲಿ ಸ್ಥಾಪಿಸಿದ ಹಾನ್ಸ್ ಷೆಮ್ ಕೂಡ ಶಾಲಾ ಉಪಾಧ್ಯಾಯನೇ. 1933ರ ಏಪ್ರಿಲ್ 7ರ ಕಾನೂನು ಯೆಹೂದ್ಯ ಉಪಾಧ್ಯಾಯರನ್ನೂ, ಆಳುವವರಿಗೆ ವಿಧೇಯರಲ್ಲವೆಂದು ಕಂಡವರನ್ನೂ ಶಾಲೆಗಳಿಂದ ಹೊರದೂಡಿತು. ಪಕ್ಕದ ಕುರ್ಚಿ ಖಾಲಿಯಾದಾಗ ಉಳಿದವರು ಮಾಡಿದ್ದೇನು? ಮೂರು ನಾಲ್ಕು ವರ್ಷಗಳಲ್ಲಿ ನೂರಕ್ಕೆ 97 ಮಂದಿ ಉಪಾಧ್ಯಾಯರು ಆ ಸಂಘದ ಸದಸ್ಯರಾಗಿದ್ದರು. ಎಲ್ಲರೂ ದ್ವೇಷಿಗಳಾಗಿದ್ದರೆಂದು ನಾವು ಹೇಳುವುದಿಲ್ಲ. ಬಹುಮಂದಿಗೆ ಬೇಕಾದದ್ದು ಬಡ್ತಿ, ವರ್ಗಾವಣೆಯಿಂದ ಬಿಡುಗಡೆ, ಮನೆಯಲ್ಲಿ ನೆಮ್ಮದಿ. ನಮಗೂ ಬೇಕಾದದ್ದು ಅವೇ ಅಲ್ಲವೇ? ಅದಕ್ಕೇ ನಾವು ಹೆದರಬೇಕು.

ಆ ಕಾಲದ ಗಣಿತ ಪಠ್ಯಪುಸ್ತಕಗಳಲ್ಲಿ ಒಂದು ಬಗೆಯ ಲೆಕ್ಕವಿರುತ್ತಿತ್ತು. ಬುದ್ಧಿವಿಕಲರ ಆಶ್ರಯಧಾಮವೊಂದನ್ನು ಕಟ್ಟಲು ಇಷ್ಟು ಲಕ್ಷ ವೆಚ್ಚ; ದುಡಿಯುವ ಸಂಸಾರಕ್ಕೊಂದು ಮನೆ ಕಟ್ಟಲು ಇಷ್ಟು ಸಾವಿರ; ಹಾಗಾದರೆ ಆ ಹಣದಲ್ಲಿ ಎಷ್ಟು ಮನೆ ಕಟ್ಟಬಹುದಾಗಿತ್ತು? ಬರಿಯ ಭಾಗಾಕಾರ. ಹುಡುಗರು ಮಾಡಿದರು, ಉಪಾಧ್ಯಾಯರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದರು. ಲೆಕ್ಕದಲ್ಲಿ ಸುಳ್ಳಿರಲಿಲ್ಲ, ಬೈಗುಳವಿರಲಿಲ್ಲ, ಭಾಷಣವಂತೂ ಇರಲೇ ಇಲ್ಲ. ಕೇಳದೆ ಬಿಟ್ಟಿದ್ದ ಪ್ರಶ್ನೆಯೊಂದೇ: ಆ ಧಾಮದಲ್ಲಿರುವವರು ಎಲ್ಲಿಗೆ ಹೋಗಬೇಕು? ಅದಕ್ಕೆ ಉತ್ತರವನ್ನು ಸರ್ಕಾರ ಕೊಟ್ಟಿತು. 1940ರಿಂದ 1941ರ ಆಗಸ್ಟಿನ ವರೆಗೆ ಅಂಥ ಧಾಮಗಳಿಂದ ಎಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ರೋಗಿಗಳನ್ನು ಒಯ್ದು ವಿಷವಾಯುವಿನಿಂದ ಕೊಂದರು. ಪ್ರಚಾರವೆಂದರೆ ಧ್ವನಿವರ್ಧಕವೆಂದೇ ನಾವು ತಿಳಿದಿದ್ದೇವೆ. ಅದು ಭಾಗಾಕಾರದ ರೂಪದಲ್ಲಿಯೂ ಬರುತ್ತದೆಯೆಂಬುದನ್ನು ಉಪಾಧ್ಯಾಯರಾದವರು ಮರೆಯಕೂಡದು.

ಇನ್ನು, ಈ ಮಹಾಪುರುಷ ನಮ್ಮ ಬಗ್ಗೆ ಏನೆಣಿಸಿದ್ದನೆಂಬುದನ್ನು ಅವನ ಇಲ್ಲಿಯ ಭಕ್ತರು ಅರಿಯುವುದು ಒಳ್ಳೆಯದು. ಹಿಂದುಸ್ಥಾನವು ಬೇರಾರ ಕೈಯಲ್ಲಿರುವುದಕ್ಕಿಂತ ಆಂಗ್ಲರ ಆಳ್ವಿಕೆಯಲ್ಲಿರುವುದೇ ಲೇಸೆಂದು ಅವನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಹಿಂದೆ ಇಲ್ಲಿ ವೈಸರಾಯ್ ಆಗಿದ್ದ ಹ್ಯಾಲಿಫ್ಯಾಕ್ಸ್ ಪ್ರಭು 1937ರ ನವೆಂಬರಿನಲ್ಲಿ ಅವನನ್ನು ಕಂಡಾಗ, ಗಾಂಧಿಯನ್ನು ಗುಂಡಿಟ್ಟು ಕೊಲ್ಲಿರಿ, ಎಲ್ಲವೂ ಅಡಗುತ್ತದೆ ಎಂಬ ಅರ್ಥದ ಸಲಹೆಯನ್ನಿತ್ತನೆಂದು ಅಲ್ಲಿ ಜತೆಯಲ್ಲಿದ್ದ ಆಂಗ್ಲ ಅಧಿಕಾರಿ ಅನಂತರ ಬರೆದಿದ್ದಾರೆ. ‘ಎಲ್ಲವೂ ಸರಿಹೋದೀತು’ ಎಂಬ ಮಾತಿನ ಮೂಲರೂಪ ಇದು. ನಮ್ಮ ಪಾಠಶಾಲೆಯ ಗೋಡೆಯ ಮೇಲಿನ ಗಾಂಧೀ ಚಿತ್ರದ ಕೆಳಗೆ ಕುಳಿತು ಆ ಮಾತನ್ನಾಡುವವರಿಗೆ ಇಷ್ಟಾದರೂ ತಿಳಿದಿರಲಿ.

ಗಡಿನಾಡಿನ ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ ಪಾಠವೊಂದು ಆ ದೇಶದಲ್ಲಿಯೇ ಇದೆ. ಜರ್ಮನಿಯ ಪೂರ್ವಭಾಗದ ಲುಸಾತಿಯ ಪ್ರದೇಶದಲ್ಲಿ ಸೊರ್ಬರೆಂಬ ಸಣ್ಣ ಜನಾಂಗವಿದೆ. ಅವರ ಮಾತು ಜರ್ಮನ್ ಅಲ್ಲ, ಸ್ಲಾವ್ ಕುಲದ ಭಾಷೆ. 1912ರಲ್ಲಿ ಅವರು ‘ದೊಮೊವಿನ’ ಎಂಬ ತಮ್ಮ ಸಂಘವನ್ನು ಕಟ್ಟಿಕೊಂಡಿದ್ದರು. ನಮ್ಮ ಕನ್ನಡ ಸಂಘಗಳಂತೆಯೇ ಎನ್ನಬಹುದು. ‘ನೀವು ಬೇರೆ ಜನಾಂಗವಲ್ಲ, ಬೇರೆ ಮಾತಾಡುವ ಜರ್ಮನರು ಎಂದು ಬರೆದುಕೊಡಿ’ ಎಂದು ಹಿಟ್ಲರನ ಸರ್ಕಾರ ಒತ್ತಾಯಿಸಿತು. ಅವರು ಬರೆದುಕೊಡಲಿಲ್ಲ. 1937ರಲ್ಲಿ ಸಂಘ ನಿಷೇಧಕ್ಕೊಳಗಾಯಿತು. ಅವರ ಭಾಷೆಯ ಪತ್ರಿಕೆಗಳು ನಿಂತವು. ಶಾಲೆಗಳಲ್ಲಿ ಅವರ ಭಾಷೆಯ ಪಾಠ ನಿಂತಿತು. ಸೊರ್ಬ ಉಪಾಧ್ಯಾಯರನ್ನೂ ಪಾದ್ರಿಗಳನ್ನೂ ತಮ್ಮ ಜನರಿಂದ ದೂರದ ಊರುಗಳಿಗೆ ವರ್ಗಮಾಡಿದರು. ಮತ್ತೆ ಅವರ ಭಾಷೆಗೆ ಕಾನೂನಿನ ರಕ್ಷಣೆ ದೊರೆತದ್ದು ಆ ಸರ್ವಾಧಿಕಾರ ಅಳಿದ ಮೇಲೆ, 1948ರಲ್ಲಿ.

ನಮ್ಮ ಅಳಲನ್ನು ಅವರ ಸಂಕಟಕ್ಕೆ ಸರಿಗಟ್ಟಿ ಹೇಳುವುದು ಸತ್ಯಕ್ಕೆ ದ್ರೋಹವಾದೀತು. ನಾವು ಹಾಗೆ ಹೇಳುವುದಿಲ್ಲ. ನಮಗೆ ಪುಸ್ತಕ ತಡವಾಗಿ ಬರುತ್ತದೆ. ಕನ್ನಡ ಬಾರದ ಉಪಾಧ್ಯಾಯರು ಕನ್ನಡ ತರಗತಿಗೆ ನೇಮಕವಾಗುವುದುಂಟು. ಅರ್ಜಿಗಳಿಗೆ ಉತ್ತರ ಬಾರದಿರುವುದುಂಟು. ಆದರೆ ಅರ್ಜಿ ಬರೆಯುವ ಹಕ್ಕು ನಮಗಿದೆ. ಸಂವಿಧಾನದ 30ನೆಯ ಅನುಚ್ಛೇದ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸುವ ಅಧಿಕಾರವನ್ನಿತ್ತಿದೆ. ಭಾಷಾವಾರು ರಾಜ್ಯಗಳು ರೂಪುಗೊಂಡ 1956ರಲ್ಲಿಯೇ ಸೇರಿಸಿದ 350-ಎ ಅನುಚ್ಛೇದವು ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧನೆಗೆ ತಕ್ಕ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ಆಳುವವನಿಗಿಂತ ಕಾನೂನು ದೊಡ್ಡದೆಂಬ ಒಂದೇ ಒಂದು ನಂಬಿಕೆಯ ಮೇಲೆ ಈ ಸಾಲುಗಳು ನಿಂತಿವೆ. ಆ ನಂಬಿಕೆ ಹೋದ ದಿನ ಮೊದಲು ಮುಚ್ಚುವ ಶಾಲೆ ಯಾರದು? ಬಹುಸಂಖ್ಯಾತರದ್ದೇ? ಹಾಗಿರುವಾಗ ಗಡಿನಾಡಿನ ಕನ್ನಡ ಉಪಾಧ್ಯಾಯನು ಸರ್ವಾಧಿಕಾರಿಯನ್ನು ಕೂಗಿ ಕರೆಯುವುದೆಂದರೆ, ತಾನು ಕುಳಿತ ಕೊಂಬೆಯನ್ನು ತಾನೇ ಕಡಿದಂತೆ. ಅವನೊಬ್ಬನೇ ಬಿದ್ದರೆ ಬೀಳಲಿ ಎನ್ನಬಹುದಿತ್ತು. ಅದೇ ಕೊಂಬೆಯ ಮೇಲೆ ಮಕ್ಕಳೂ ಇದ್ದಾರಲ್ಲ!

“ಒಬ್ಬ ಉಪಾಧ್ಯಾಯ ಏನು ಮಾಡಬಲ್ಲ?” ಎಂಬುದು ಉಳಿಯುವ ಪ್ರಶ್ನೆ. ನ್ಯೂರೆಂಬರ್ಗಿನಿಂದ ನಾವು ರೈಲು ಹಿಡಿದು ಮ್ಯೂನಿಕ್ಕಿಗೆ ಹೋದೆವು. ಅಲ್ಲಿಯ ವಿಶ್ವವಿದ್ಯಾನಿಲಯದ ಮುಂದಣ ನೆಲದಲ್ಲಿ, ಕೈಜಾರಿ ಬಿದ್ದ ಕಾಗದಗಳಂತೆ ಕೆಲವು ಹಾಳೆಗಳು ಕಾಣುತ್ತವೆ. ಬಾಗಿ ಮುಟ್ಟಿದರೆ ಅವು ಕಾಗದವಲ್ಲ. ನೆಲಗಟ್ಟಿನಲ್ಲಿ ಕೂರಿಸಿದ ಬಿಲ್ಲೆಗಳು. ‘ಬಿಳಿಯ ಗುಲಾಬಿ’ ಎಂಬ ಹೆಸರಿನ ಸಣ್ಣ ಬಳಗವೊಂದು ಹಿಟ್ಲರನ ವಿರುದ್ಧ ಹೊರಡಿಸಿದ ಕರಪತ್ರಗಳ ನೆನಪು ಅದು. ಆ ಬಳಗದಲ್ಲಿದ್ದವರು ಹೆಚ್ಚಿನವರು ವಿದ್ಯಾರ್ಥಿಗಳು. ಅವರಿಗೆ ರೇಡಿಯೋ ಇರಲಿಲ್ಲ, ಮುದ್ರಣಾಲಯವಿರಲಿಲ್ಲ; ಇದ್ದುದು ಬೆರಳಚ್ಚು ಯಂತ್ರ, ಕೈಯಿಂದ ತಿರುಗಿಸುವ ಪ್ರತಿ ತೆಗೆಯುವ ಯಂತ್ರ ಮಾತ್ರ. ಎಂದರೆ, ವಾಚಕರ ಕೈಯಲ್ಲಿರುವ ಈ ಪತ್ರಿಕೆಯನ್ನು ತೆಗೆಯುವ ಸೈಕ್ಲೋಸ್ಟೈಲಿನ ದಾಯಾದಿಯೇ. ಬೆರಳಿಗೆ ಹತ್ತುವ ಈ ಮಸಿಯ ಪರಿಚಯ ಅವರಿಗೂ ಇತ್ತು. 1943ರ ಫೆಬ್ರವರಿ 18ರಂದು ಹಾನ್ಸ್ ಷೋಲ್ ಮತ್ತು ಅವನ ತಂಗಿ ಸೋಫಿ ವಿಶ್ವವಿದ್ಯಾನಿಲಯದಲ್ಲಿ ಕರಪತ್ರ ಹಂಚುತ್ತಿದ್ದಾಗ ಸಿಕ್ಕಿಬಿದ್ದರು. ನಾಲ್ಕೇ ದಿನಗಳಲ್ಲಿ, 22ರಂದು, ಅವರಿಬ್ಬರನ್ನೂ ಅವರ ಗೆಳೆಯ ಕ್ರಿಸ್ಟೋಫ್ ಪ್ರೋಬ್ಸ್ಟ್‌ನನ್ನೂ ಶಿರಚ್ಛೇದ ಮಾಡಿದರು. ಸೋಫಿಗೆ 21 ವರ್ಷ. ಆ ಕೊನೆಯ ಕರಪತ್ರವನ್ನು ಬರೆದವರು ಅವರ ಗುರು, ತತ್ತ್ವಶಾಸ್ತ್ರದ ಅಧ್ಯಾಪಕ ಕುರ್ಟ್ ಹೂಬರ್. ವಿಶ್ವವಿದ್ಯಾನಿಲಯವು ಅವರ ಪದವಿಯನ್ನು ಕಿತ್ತುಕೊಂಡಿತು. ಜುಲೈ 13ರಂದು ಸರ್ಕಾರ ಅವರ ಪ್ರಾಣವನ್ನು ಕಿತ್ತುಕೊಂಡಿತು.

ಸ್ಟ್ರೈಖರನೂ ಉಪಾಧ್ಯಾಯ, ಹೂಬರರೂ ಉಪಾಧ್ಯಾಯರು. ನಡುವೆ ನಿಂತವರು ಆ ನೂರಕ್ಕೆ 97 ಮಂದಿ.

ನಮ್ಮ ಉಪಾಧ್ಯಾಯ ಬಂಧುಗಳಿಂದ ಯಾರೂ ಇಂದು ಪ್ರಾಣವನ್ನು ಬೇಡುತ್ತಿಲ್ಲ. ಬೇಡುವುದು ಅತ್ಯಲ್ಪ. ‘ಹಿಟ್ಲರನ ಏಳಿಗೆಗೆ ಐದು ಕಾರಣಗಳು’ ಎಂದು ಟಿಪ್ಪಣಿ ಬರೆಯಿಸಿ ಬಾಯಿಪಾಠ ಮಾಡಿಸುವುದನ್ನು ನಿಲ್ಲಿಸೋಣ. ಬಾಯಿಪಾಠವಾದ ಕಾರಣಗಳು ಪರೀಕ್ಷೆಯ ಮಾರನೆಯ ದಿನ ಮರೆತುಹೋಗುತ್ತವೆ. ಉಳಿಯುವುದು ಆ ಹೆಸರಿನ ಬೆರಗೊಂದೇ. ಅದರ ಬದಲು ಆ ಗಣಿತದ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು, ‘ಇದರಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಯಾವುದು?’ ಎಂದು ಕೇಳೋಣ. ತರಗತಿಯಲ್ಲಿ ಎದ್ದು ನಿಂತು ‘ಅದು ಹೇಗೆ ಸಾರ್?’ ಎನ್ನುವ ಹುಡುಗನನ್ನು ಉದ್ಧಟನೆಂದು ಕೂರಿಸದಿರೋಣ. ಪುಸ್ತಕ ಬಾರದಿದ್ದರೆ ಸಂಘದಲ್ಲಿ ಸಭೆ ಸೇರಿಸೋಣ, ಅನುಚ್ಛೇದದ ಸಂಖ್ಯೆಯನ್ನು ಕಾಣಿಸಿ ಅರ್ಜಿ ಬರೆಯೋಣ, ಉತ್ತರ ಬಾರದಿದ್ದರೆ ಮತ್ತೊಮ್ಮೆ ಬರೆಯೋಣ. ನಿಧಾನದ ದಾರಿ ಅಹುದು. ವೇಗದ ದಾರಿ ಎಲ್ಲಿಗೆ ಹೋಗುತ್ತದೆಂಬುದನ್ನು ನಾವು ಮಾಡಿಲ್ಲದ ಆ ಸಭಾಂಗಣದಲ್ಲಿ ಕಂಡು ಬಂದಿದ್ದೇವೆ.

ವಿದ್ಯಾರ್ಥಿಮಿತ್ರರೇ, ನಿಮಗೊಂದು ಮಾತು. ಅಂದು ಬಾಗಿಲ ಬಳಿ ನಿಂತಿದ್ದ ಆ ಇಬ್ಬರು ಹುಡುಗರು ಈಗ ಎಲ್ಲಿದ್ದಾರೋ ನಾವರಿಯೆವು. ಈ ಹಾಳೆ ಅವರ ಕೈಗೆ ಬಿದ್ದರೆ ಅವರು ತಿಳಿಯಲಿ: ಅಂದು ಕೊಠಡಿಯಲ್ಲಿದ್ದ ಹಿರಿಯರೆಲ್ಲರೂ ಒಪ್ಪಿರಲಿಲ್ಲ. ಒಬ್ಬರು ಒಪ್ಪದೆಯೂ ಸುಮ್ಮನಿದ್ದರು, ಅದು ತಪ್ಪಾಯಿತು. ಮತ್ತೊಮ್ಮೆ ಯಾರಾದರೂ ನಿಮ್ಮೆದುರು ಆ ಮಾತನ್ನಾಡಿದರೆ, ಎಷ್ಟೇ ಹಿರಿಯರಾಗಿರಲಿ, ವಿನಯದಿಂದಲೇ ಕೇಳಿ: “ಅವನು ಬಂದರೆ ನಮ್ಮ ಕನ್ನಡ ಶಾಲೆ ಉಳಿಯುತ್ತದೆಯೇ ಸಾರ್?”